ಪುಲಿಗೆರೆಯ ಕಲ್ಲು ಮತ್ತು ಸ್ಥಳೀಯ ಜಾಲದ ಫಲಕ: ಕನ್ನಡ ವಿಭಾಗಗಳ ವಿದ್ವತ್ ಚರ್ಚೆಗೊಂದು ನೆಲೆ

ಕನ್ನಡ ಅಧ್ಯಯನದಲ್ಲಿ ಗಣಕದ ಬಳಕೆಯನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಎರಡು ಸಂಗತಿಗಳಿಗೆ ಸೀಮಿತವಾಗಿವೆ. ಒಂದು, ಅಕ್ಷರ ಜೋಡಣೆ ಮತ್ತು ಮುದ್ರಣ. ಇನ್ನೊಂದು, ಪ್ರಾಚೀನ ಕೃತಿಗಳನ್ನು ಅಂಕೀಕರಿಸಿ ಸಂಗ್ರಹಿಸುವ ಕಾರ್ಯ. ಇವೆರಡರ ನಡುವೆ ಇರುವ, ವಿದ್ವತ್ತಿನ ನಿತ್ಯ ಬದುಕಿಗೆ ಹೆಚ್ಚು ಹತ್ತಿರವಾದ ಇನ್ನೊಂದು ಸಂಗತಿಯ ಕಡೆಗೆ ಲಕ್ಷ್ಯ ಹರಿದಿರುವುದು ಕಡಿಮೆ. ಅದು ಚರ್ಚೆಯ ದಾಖಲೆ. ಒಂದು ಶಾಸನದ ಪಾಠ ಹೀಗಿರಬೇಕೆ, ಹಾಗಿರಬೇಕೆ. ಒಂದು ಊರಿನ ಹೆಸರಿನ ಮೂಲರೂಪ ಯಾವುದು. ಪಠ್ಯದ ಒಂದು ಪದಕ್ಕೆ ಆ ಸೀಮೆಯ ಆಡುಮಾತಿನಲ್ಲಿ ಇಂದಿಗೂ ಯಾವ ಅರ್ಥವಿದೆ — ಇಂತಹ ಪ್ರಶ್ನೆಗಳು ತರಗತಿಯಲ್ಲಿ, ಅಧ್ಯಾಪಕರ ಕೊಠಡಿಯಲ್ಲಿ, ಕ್ಷೇತ್ರಕಾರ್ಯದ ದಾರಿಯಲ್ಲಿ ಏಳುತ್ತವೆ, ಉತ್ತರ ಪಡೆಯುತ್ತವೆ, ಮರೆತುಹೋಗುತ್ತವೆ. ಅಧ್ಯಾಪಕರು ವರ್ಗವಾಗಿ ಹೋದರೆ ಅವರೊಡನೆ ಆ ಉತ್ತರಗಳೂ ಊರು ಬಿಡುತ್ತವೆ. ಈ ನಷ್ಟವನ್ನು ತಡೆಯಲು ಕಾಲೇಜಿನ ಸ್ಥಳೀಯ ಗಣಕಜಾಲದಲ್ಲಿಯೇ ನಡೆಯುವ ಬುಲೆಟಿನ್ ಬೋರ್ಡ್ ತಂತ್ರಾಂಶ, ಅಂದರೆ ಲಿಖಿತ ಚರ್ಚಾಫಲಕ, ಅತ್ಯಂತ ಸರಳವೂ ಅಗ್ಗವೂ ಆದ ಸಾಧನ. ಅದನ್ನು ಗಣಕವಿಜ್ಞಾನ ವಿಭಾಗದ ಆಟಿಕೆಯೆಂದು ಬಿಡದೆ ಕನ್ನಡ ವಿಭಾಗಗಳು ತಮ್ಮ ಕೈಗೆ ತೆಗೆದುಕೊಳ್ಳಬೇಕೆಂಬುದು ಈ ಲೇಖನದ ವಾದ. ಈ ವಾದಕ್ಕೆ ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕಿಂತ ಉಚಿತವಾದ ನಿದರ್ಶನ ಸಿಗಲಾರದು.

೧

ಲಕ್ಷ್ಮೇಶ್ವರವೆಂದರೆ ಪ್ರಾಚೀನ ಪುಲಿಗೆರೆ. ಪುಲಿಗೆರೆ ಮುನ್ನೂರರ ಮುಖ್ಯ ಪಟ್ಟಣ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನೆಲೆಗಳೆಂದು ಹೆಸರಿಸುವ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳಲ್ಲಿ ಇದೂ ಒಂದು. ಹತ್ತನೆಯ ಶತಮಾನದ ಪಂಪನು ತನ್ನ ಕಾವ್ಯಭಾಷೆಯನ್ನು ಪುಲಿಗೆರೆಯ ತಿರುಳುಗನ್ನಡದೊಡನೆ ಸಂಬಂಧಿಸಿ ಹೇಳಿಕೊಂಡಿರುವುದು ಸಾಹಿತ್ಯ ಚರಿತ್ರೆಯಲ್ಲಿ ಸುಪರಿಚಿತ. ಶಂಖಬಸದಿ, ಸೋಮೇಶ್ವರ ದೇವಾಲಯ, ಶರಣ ಆದಯ್ಯನ ಕಥೆ, ಅದನ್ನು ಆಧರಿಸಿದ ರಾಘವಾಂಕನ ‘ಸೋಮನಾಥ ಚಾರಿತ್ರ’ — ಇವೆಲ್ಲ ಈ ಊರಿಗೆ ಕನ್ನಡ ಅಧ್ಯಯನದಲ್ಲಿ ವಿಶಿಷ್ಟ ಸ್ಥಾನವನ್ನು ಕೊಟ್ಟಿವೆ.

ಪ್ರಸ್ತುತ ವಿಷಯಕ್ಕೆ ಮುಖ್ಯವಾದದ್ದು ಇಲ್ಲಿನ ಎರಡು ಶಾಸನಗಳು. ಮೊದಲನೆಯದು ಬಾದಾಮಿ ಚಾಳುಕ್ಯರ ಯುವರಾಜ ವಿಕ್ರಮಾದಿತ್ಯನ ಕಾಲದ್ದು, ಎಂಟನೆಯ ಶತಮಾನದ ಮೊದಲ ಪಾದಕ್ಕೆ ಸೇರಿದ್ದು. ಎಲ್.ಡಿ. ಬಾರ್ನೆಟ್ ಇದನ್ನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಸಂಪಾದಿಸಿ ಪ್ರಕಟಿಸಿದರು. ಪೊರಿಗೆರೆಯ ಮಹಾಜನರು, ನಗರ ಮತ್ತು ಹದಿನೆಂಟು ಪ್ರಕೃತಿಗಳಿಗೆ ಯುವರಾಜನು ಕೊಟ್ಟ ಆಚಾರವ್ಯವಸ್ಥೆ ಇದರ ವಸ್ತು. ರಾಜಪುರುಷರು ಊರವರಿಗೆ ಏನು ಮಾಡಬೇಕು, ಊರವರು ಪ್ರತಿಯಾಗಿ ಏನು ಸಲ್ಲಿಸಬೇಕು, ಮನೆಗಳ ಅಂತಸ್ತಿಗೆ ತಕ್ಕಂತೆ ತೆರಿಗೆ ಎಷ್ಟು, ಕಾರ್ತಿಕಮಾಸದಲ್ಲಿ ಅದು ಶ್ರೇಣಿಗೆ ಹೇಗೆ ಸಲ್ಲಬೇಕು ಎಂಬ ಬಗೆಯ ವಿವರಗಳು ಅದರಲ್ಲಿವೆ. ದಾನಶಾಸನಗಳ ರಾಶಿಯ ನಡುವೆ ಇದು ಭಿನ್ನವಾಗಿ ಕಾಣುವುದು ಎರಡೂ ಪಕ್ಷಗಳ ಹೊಣೆಯನ್ನು ಸಾರ್ವಜನಿಕ ಸ್ಥಳದಲ್ಲಿ, ಕನ್ನಡ ಗದ್ಯದಲ್ಲಿ ಬರೆದು ನಿಲ್ಲಿಸಿರುವುದರಿಂದ.

ಎರಡನೆಯದು ಜೆ.ಎಫ್. ಫ್ಲೀಟ್ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದ ಶಿಲಾಲೇಖ. ಗಂಗ ಮಾರಸಿಂಹನ ಶಕವರ್ಷ ೮೯೦ರ, ಅಂದರೆ ಕ್ರಿ.ಶ. ೯೬೮ರ ಸುಮಾರಿನ ದತ್ತಿಯನ್ನು ಹೇಳುವ ಈ ಕಲ್ಲಿನ ಮೇಲೆಯೇ ಅದಕ್ಕಿಂತ ಬಹಳ ಹಿಂದಿನ ಚಾಳುಕ್ಯ ಅರಸರ ದತ್ತಿಗಳೂ ಕೊರೆಯಲ್ಪಟ್ಟಿವೆ. ಹೇಳಲಾದ ಕಾಲ ಒಂದು, ಬರೆದ ಕಾಲ ಇನ್ನೊಂದು. ಹಳೆಯ ದತ್ತಿಗಳು ಮೂಲದ ನಿಷ್ಠ ಪ್ರತಿಗಳೆ ಅಥವಾ ಹಕ್ಕುಸ್ಥಾಪನೆಗಾಗಿ ಮುಂದೆ ರಚಿತವಾದವೆ ಎಂಬ ಪ್ರಶ್ನೆ ವಿದ್ವಾಂಸರನ್ನು ಕಾಡಿದ್ದು ಈ ಕಾರಣದಿಂದ. ಕಲ್ಲಿಗೆ ಬಾಳಿಕೆಯಿದೆ, ಆದರೆ ಯಾರು, ಯಾವಾಗ, ಯಾವ ಮೂಲವನ್ನು ನೋಡಿ ಬರೆದರೆಂಬ ಸಂಗತಿಯನ್ನು ಅದು ತಾನಾಗಿ ಹೇಳುವುದಿಲ್ಲ.

ಸಾರ್ವಜನಿಕ ಫಲಕವೊಂದಕ್ಕೆ ಬೇಕಾದ ಗುಣಗಳನ್ನು ಈ ಎರಡು ಕಲ್ಲುಗಳು ಸ್ಪಷ್ಟಪಡಿಸುತ್ತವೆ. ಬರೆಹ ಸ್ಥಳದಲ್ಲಿಯೇ ಇರಬೇಕು, ಬಳಸುವವರ ಭಾಷೆಯಲ್ಲಿರಬೇಕು, ನಿಯಮ ಎರಡೂ ಪಕ್ಷಗಳಿಗೆ ಅನ್ವಯಿಸಬೇಕು, ಬರೆದವರ ಹೆಸರೂ ಕಾಲವೂ ನಂಬುವಂತಿರಬೇಕು.

೨

ವಿದ್ಯುನ್ಮಾನ ಫಲಕದ ಚರಿತ್ರೆಯೂ ಸ್ಥಳೀಯತೆಯಿಂದಲೇ ಆರಂಭವಾಗುತ್ತದೆ ಎಂಬುದನ್ನು ಗಮನಿಸಬೇಕು. ೧೯೭೩ರಲ್ಲಿ ಅಮೆರಿಕದ ಬರ್ಕ್ಲಿ ಪಟ್ಟಣದ ಒಂದು ಧ್ವನಿಮುದ್ರಿಕೆಗಳ ಅಂಗಡಿಯಲ್ಲಿ ‘ಕಮ್ಯೂನಿಟಿ ಮೆಮೊರಿ’ ಎಂಬ ಯೋಜನೆಯ ಟರ್ಮಿನಲ್ ಇರಿಸಲಾಯಿತು. ಸಂಗೀತಗಾರರು ಚೀಟಿಗಳನ್ನು ಅಂಟಿಸುತ್ತಿದ್ದ ಗೋಡೆಫಲಕದ ಹತ್ತಿರವೇ ಇದ್ದ ಅದನ್ನು ಬಳಸಿದವರು ಆ ಪಟ್ಟಣದವರೇ. ೧೯೭೮ರ ಫೆಬ್ರವರಿಯಲ್ಲಿ ಷಿಕಾಗೋ ನಗರದಲ್ಲಿ ವಾರ್ಡ್ ಕ್ರಿಸ್ಟೆನ್‌ಸೆನ್ ಮತ್ತು ರ್ಯಾಂಡಿ ಸ್ಯೂಸ್ ಆರಂಭಿಸಿದ ‘ಸಿಬಿಬಿಎಸ್’, ದೂರವಾಣಿ ತಂತಿಯ ಮೂಲಕ ಬಳಸಬಹುದಾದ ಮೊದಲ ಗಣಕೀಕೃತ ಬುಲೆಟಿನ್ ಬೋರ್ಡ್ ಎಂದು ಪರಿಗಣಿತವಾಗಿದೆ. ಅದರ ಮಾದರಿ ಗಣಕ ಹವ್ಯಾಸಿಗಳ ಸಂಘದ ಗೋಡೆಯ ಮೇಲಿದ್ದ ಸೂಚನಾ ಫಲಕ. ೧೯೮೪ರಲ್ಲಿ ಟಾಮ್ ಜೆನ್ನಿಂಗ್ಸ್ ಆರಂಭಿಸಿದ ‘ಫಿಡೋನೆಟ್’ ಇಂತಹ ಪ್ರತ್ಯೇಕ ಫಲಕಗಳನ್ನು ಪರಸ್ಪರ ಜೋಡಿಸಿತು. ದೂರವಾಣಿ ದರ ಕಡಿಮೆಯಿರುವ ರಾತ್ರಿಯ ಹೊತ್ತಿನಲ್ಲಿ ಒಂದು ಫಲಕದ ಸಂದೇಶಗಳು ಇನ್ನೊಂದಕ್ಕೆ ಸಾಗುತ್ತಿದ್ದವು. ಸದಾಕಾಲದ ಸಂಪರ್ಕವಿಲ್ಲದೆಯೂ ದೂರದ ಊರುಗಳ ನಡುವೆ ಲಿಖಿತ ಚರ್ಚೆ ನಡೆಯಬಲ್ಲದೆಂಬುದನ್ನು ಅದು ತೋರಿಸಿಕೊಟ್ಟಿತು.

ಭಾರತದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕ ಅಂತರಜಾಲ ಸೇವೆಯನ್ನು ಆರಂಭಿಸಿದ್ದು ೧೯೯೫ರ ಆಗಸ್ಟ್ ೧೫ರಂದು. ಅದಕ್ಕೂ ಮೊದಲು ದೊಡ್ಡ ನಗರಗಳಲ್ಲಿ ದೂರವಾಣಿ ಆಧಾರಿತ ಫಲಕಗಳು ಕೆಲಸ ಮಾಡುತ್ತಿದ್ದವು. ಆದರೆ ಅವು ರೋಮನ್ ಲಿಪಿಯ ಲೋಕಕ್ಕೆ ಸೇರಿದ್ದುವು. ಕನ್ನಡಕ್ಕೆ ಈ ಮಾಧ್ಯಮ ತೆರೆದುಕೊಳ್ಳಲು ಲಿಪಿಯ ಪ್ರಶ್ನೆ ಮೊದಲು ಇತ್ಯರ್ಥವಾಗಬೇಕಿತ್ತು.

೩

ಈ ಲಿಪಿಯ ಪ್ರಶ್ನೆಯನ್ನು ಗಣಕತಜ್ಞರಿಗೆ ಬಿಟ್ಟು ಕನ್ನಡ ಅಧ್ಯಾಪಕರು ದೂರ ನಿಲ್ಲುವಂತಿಲ್ಲ. ಯೂನಿಕೋಡ್‌ನ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ಪಟ್ಟಿ ದೊರೆತಿದ್ದರೂ ಬಳಕೆಯ ಲೋಕ ಬೇರೆ ದಾರಿಯಲ್ಲಿ ಸಾಗಿತು. ೧೯೯೮ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’, ಮುದ್ರಣಾಲಯಗಳ ‘ಶ್ರೀಲಿಪಿ’ ಇವುಗಳ ಮೂಲಕ ಕನ್ನಡ ಬರವಣಿಗೆ ಗಣಕಕ್ಕೆ ಒಗ್ಗಿತು. ಇವುಗಳಲ್ಲಿ ಸಿದ್ಧವಾದ ಹಳೆಯ ಕಡತಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಅಕ್ಷರಮಾದರಿಗಳನ್ನು ಅವಲಂಬಿಸಿದ್ದುವು. ಆ ಮಾದರಿಯಿಲ್ಲದ ಗಣಕದಲ್ಲಿ ತೆರೆದರೆ ಪ್ರಬಂಧವೆಲ್ಲ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತಿತ್ತು. ೨೦೦೧ರಲ್ಲಿ ‘ತುಂಗಾ’ ಅಕ್ಷರಮಾದರಿಯೊಡನೆ ಬಂದ ವಿಂಡೋಸ್ ಎಕ್ಸ್‌ಪಿ ಸಾಮಾನ್ಯ ಗಣಕದಲ್ಲಿ ಯೂನಿಕೋಡ್ ಕನ್ನಡವನ್ನು ಸಾಧ್ಯವಾಗಿಸಿತು.

ಫಲಕ ತಂತ್ರಾಂಶಗಳಲ್ಲಿಯೂ ಇದೇ ವಿಳಂಬ ಕಾಣುತ್ತದೆ. ೨೦೦೦ದಲ್ಲಿ ಹುಟ್ಟಿದ, ಮುಕ್ತವಾಗಿ ದೊರೆಯುವ ‘ಪಿಎಚ್‌ಪಿ-ಬಿಬಿ’ ಈ ವರ್ಗದ ಪ್ರಸಿದ್ಧ ತಂತ್ರಾಂಶ. ಅದರ ಎರಡನೆಯ ಆವೃತ್ತಿ ಪಾಶ್ಚಾತ್ಯ ಲಿಪಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದದ್ದು. ಪುಟದ ಸಂಕೇತಕ್ರಮ ಕನ್ನಡವನ್ನು ಅರಿಯದಿದ್ದಾಗ ಒಂದೊಂದು ಅಕ್ಷರಚಿಹ್ನೆಯೂ ಏಳು ಚಿಹ್ನೆಗಳ ಸಂಖ್ಯಾರೂಪಕ್ಕೆ ಬದಲಾಗಿ ದತ್ತಸಂಚಯಕ್ಕೆ ಹೋಗುತ್ತಿತ್ತು. ತೆರೆಯ ಮೇಲೆ ಕನ್ನಡವೇ ಕಾಣುತ್ತಿದ್ದುದರಿಂದ ದೋಷ ತಿಳಿಯುತ್ತಿರಲಿಲ್ಲ. ಆದರೆ ಉದ್ದ ಶೀರ್ಷಿಕೆಗಳು ನಡುವೆಯೇ ತುಂಡಾಗುತ್ತಿದ್ದವು, ಹುಡುಕಾಟ ವಿಫಲವಾಗುತ್ತಿತ್ತು. ೨೦೦೭ರ ಡಿಸೆಂಬರಿನಲ್ಲಿ ಬಂದ ಮೂರನೆಯ ಆವೃತ್ತಿ ಪೂರ್ಣವಾಗಿ ಯೂನಿಕೋಡ್‌ಗೆ ಹೊರಳಿದ ಮೇಲೆ ಈ ತೊಡಕು ನಿವಾರಣೆಯಾಯಿತು.

ಆದರೂ ಉಳಿದಿರುವ ಸಮಸ್ಯೆಗಳು ಭಾಷಾಶಾಸ್ತ್ರಕ್ಕೆ ಸಂಬಂಧಿಸಿದವು. ‘ಶಾಸನ’ ಎಂದು ಹುಡುಕಿದಾಗ ‘ಶಾಸನದ’, ‘ಶಾಸನಗಳಲ್ಲಿ’, ‘ಶಾಸನೋಕ್ತ’ ಎಂಬ ರೂಪಗಳು ತಾವಾಗಿ ಸಿಗುವುದಿಲ್ಲ. ಪ್ರತ್ಯಯ, ಸಂಧಿ, ಸಮಾಸಗಳ ಭಾಷೆಗೆ ಇಡೀ ಪದವನ್ನು ಹೊಂದಿಸುವ ಹುಡುಕಾಟ ಸಾಲದು. ‘ಒ’ಕಾರದ ಗುಣಿತಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಭಾಗಗಳಾಗಿಯೂ ಬರೆಯಬಹುದು, ಕಣ್ಣಿಗೆ ಒಂದೇ ಆದ ಎರಡು ಪದಗಳು ಯಂತ್ರಕ್ಕೆ ಬೇರೆಯಾಗುವ ಸಂಭವವಿದೆ. ಅರ್ಕಾವೊತ್ತನ್ನು ತಪ್ಪಿಸಿ ರಕಾರವನ್ನು ಮೊದಲು ಬರೆಯಲು ಬಳಸುವ ಅಗೋಚರ ಜೋಡಕವೂ ಇದೇ ತೊಡಕನ್ನು ತರುತ್ತದೆ. ಹಳಗನ್ನಡದ ಱ, ೞ ಅಕ್ಷರಗಳು ಪಟ್ಟಿಯಲ್ಲಿವೆ. ಆದರೆ ೞಕ್ಕೆ ಅಲ್ಲಿ ‘ಫ’ ಎಂಬ ತಪ್ಪು ಹೆಸರು ಅಂಟಿಕೊಂಡಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ಯೂನಿಕೋಡ್ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ. ಶಾಸನಪಾಠವನ್ನು ಬೆರಳಚ್ಚು ಮಾಡುವಾಗ ೞದ ಸ್ಥಾನದಲ್ಲಿ ಳ ಬಂದರೆ ಪಾಠವೇ ಕೆಡುತ್ತದೆ ಎಂಬುದನ್ನು ಬಲ್ಲವರು ಕನ್ನಡ ಅಧ್ಯಾಪಕರು. ಆದ್ದರಿಂದ ಫಲಕದ ಬರವಣಿಗೆಯ ಶಿಸ್ತನ್ನು ನಿರ್ಧರಿಸಬೇಕಾದವರೂ ಅವರೇ.

೪

ಸ್ಥಳೀಯ ಜಾಲದಲ್ಲಿ ಇಂತಹ ಫಲಕವನ್ನು ನಡೆಸಲು ದೊಡ್ಡ ಸಿದ್ಧತೆ ಬೇಕಿಲ್ಲ. ಬಳಕೆ ತಪ್ಪಿದ ಒಂದು ಗಣಕ, ಅದರಲ್ಲಿ ಲಿನಕ್ಸ್‌ನಂತಹ ಮುಕ್ತ ಕಾರ್ಯಾಚರಣ ವ್ಯವಸ್ಥೆ, ಅಪಾಚೆ ಎಂಬ ಜಾಲಸೇವಕ ತಂತ್ರಾಂಶ, ಮೈಎಸ್‌ಕ್ಯೂಎಲ್ ಮಾದರಿಯ ದತ್ತಸಂಚಯ, ಅದರ ಮೇಲೆ ಫಲಕದ ತಂತ್ರಾಂಶ — ಇವಿಷ್ಟು ಸಾಕು. ಗ್ರಂಥಾಲಯ, ವಿಭಾಗ, ಪ್ರಯೋಗಾಲಯಗಳ ಗಣಕಗಳು ತಂತಿಯಿಂದಲೋ ವೈಫೈನಿಂದಲೋ ಜೋಡಣೆಯಾಗಿದ್ದರೆ ಹೊರಗಿನ ಅಂತರಜಾಲವಿಲ್ಲದೆಯೂ ಕೆಲಸ ನಡೆಯುತ್ತದೆ. ವಿದ್ಯಾರ್ಥಿಯ ಕೈಯಲ್ಲಿರುವ ಫೋನೂ ಈ ಜಾಲಕ್ಕೆ ಸೇರಬಹುದು, ದತ್ತಾಂಶದ ಖರ್ಚಿಲ್ಲ.

ಆದರೆ ಅಂತರಜಾಲಕ್ಕಾಗಿ ರಚಿತವಾದ ತಂತ್ರಾಂಶವನ್ನು ಮುಚ್ಚಿದ ಜಾಲದಲ್ಲಿ ಇರಿಸಿದಾಗ ಕೆಲವು ತೊಡಕುಗಳು ಎದುರಾಗುತ್ತವೆ. ಸದಸ್ಯತ್ವದ ದೃಢೀಕರಣಕ್ಕೆ ತಂತ್ರಾಂಶ ಮಿಂಚಂಚೆಯನ್ನು ನಿರೀಕ್ಷಿಸುತ್ತದೆ. ಅಂಚೆಯ ವ್ಯವಸ್ಥೆಯಿಲ್ಲದ ಜಾಲದಲ್ಲಿ ಆ ಕ್ರಮವನ್ನು ಬಿಟ್ಟು ನಿರ್ವಾಹಕರ ಒಪ್ಪಿಗೆಯ ಕ್ರಮವನ್ನು ಆರಿಸಬೇಕು. ಸೇವಕಗಣಕದ ವಿಳಾಸ ದಿನಕ್ಕೊಂದಾಗಿ ಬದಲಾಗದಂತೆ ಸ್ಥಿರಪಡಿಸಬೇಕು. ಕನ್ನಡ ಅಕ್ಷರಮಾದರಿಯನ್ನು ಹೊರಗಿನ ತಾಣದಿಂದ ತರಿಸಿಕೊಳ್ಳುವ ಬದಲು ಸೇವಕದಲ್ಲಿಯೇ ಇರಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಗಡಿಯಾರವನ್ನು ಗಮನಿಸಬೇಕು. ಅಂತರಜಾಲಕ್ಕೆ ಸೇರಿದ ಗಣಕ ಹೊರಗಿನಿಂದ ಕಾಲವನ್ನು ತಿದ್ದಿಕೊಳ್ಳುತ್ತದೆ. ಪ್ರತ್ಯೇಕವಾಗಿ ನಿಂತ ಹಳೆಯ ಗಣಕದೊಳಗಿನ ಸಣ್ಣ ಬ್ಯಾಟರಿ ಮುಗಿದರೆ, ಪ್ರತಿ ಸಲ ವಿದ್ಯುತ್ ಹೋಗಿ ಬಂದಾಗಲೂ ಅದರ ದಿನಾಂಕ ಹಿಂದಕ್ಕೆ ಜಿಗಿಯಬಹುದು. ಆಗ ಇಂದಿನ ಬರೆಹಕ್ಕೆ ಹತ್ತಾರು ವರ್ಷ ಹಿಂದಿನ ದಿನಾಂಕ ಬೀಳುತ್ತದೆ. ಶಂಖಬಸದಿಯ ಕಲ್ಲಿನ ಕಾಲನಿರ್ಣಯದಲ್ಲಿ ವಿದ್ವಾಂಸರು ಪಟ್ಟ ಪಾಡನ್ನು ಹೊಸ ದಾಖಲೆಯೂ ಮುಂದಿನವರಿಗೆ ಉಳಿಸಿಹೋದಂತಾಗುತ್ತದೆ. ವಿದ್ಯುತ್ ಏಕಾಏಕಿ ಹೋದರೆ ದತ್ತಸಂಚಯ ಕೆಡುವ ಭಯವೂ ಇದೆ. ಬದಲಿ ವಿದ್ಯುತ್ತಿನ ವ್ಯವಸ್ಥೆ, ನಿತ್ಯದ ಪ್ರತಿ, ಆ ಪ್ರತಿಯನ್ನು ಬೇರೆ ಕಟ್ಟಡದಲ್ಲಿ ಇರಿಸುವ ಪದ್ಧತಿ ಅನಿವಾರ್ಯ.

೫

ಇಷ್ಟೆಲ್ಲ ಶ್ರಮ ಏತಕ್ಕೆ, ಎಲ್ಲರ ಕೈಯಲ್ಲಿ ವಾಟ್ಸ್‌ಆ್ಯಪ್ ಇರುವಾಗ ಕಾಲೇಜಿನ ಆವರಣದೊಳಗಿನ ಫಲಕದ ಅಗತ್ಯವೇನು ಎಂಬ ಆಕ್ಷೇಪ ಸಹಜ. ಅದಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದು ಉಳಿಕೆಯ ಪ್ರಶ್ನೆ. ದೂರದ ಸಂಸ್ಥೆಗಳ ಉಚಿತ ಸೇವೆಗಳಲ್ಲಿ ನಡೆದ ಚರ್ಚೆ ಆ ಸಂಸ್ಥೆಗಳ ಇಚ್ಛೆ ಇರುವವರೆಗೆ ಮಾತ್ರ ಉಳಿಯುತ್ತದೆ. ಆರ್ಕುಟ್ ೨೦೧೪ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಯಾಹೂ ಗುಂಪುಗಳಲ್ಲಿ ಸಂಗ್ರಹವಾಗಿದ್ದ ಬರೆಹಗಳು ೨೦೧೯ರ ಕೊನೆಯಲ್ಲಿ ತೆಗೆದುಹಾಕಲ್ಪಟ್ಟು, ಸೇವೆಯೇ ೨೦೨೦ರ ಡಿಸೆಂಬರಿನಲ್ಲಿ ನಿಂತಿತು. ಫೋನಿನ ಸಂದೇಶಗುಂಪುಗಳಲ್ಲಿ ಚರ್ಚೆಗೆ ವಿಷಯವಾರು ವಿಂಗಡಣೆಯಿಲ್ಲ. ಶಾಸನಪಾಠದ ಒಂದು ಸೂಕ್ಷ್ಮ ಸಲಹೆ ಹಬ್ಬದ ಶುಭಾಶಯಗಳ ನಡುವೆ ಹೂತುಹೋಗುತ್ತದೆ. ಹೊಸದಾಗಿ ಸೇರಿದವರಿಗೆ ಹಿಂದಿನ ಚರ್ಚೆಯ ಪೂರ್ಣ ಪರಿಚಯ ದೊರೆಯುವುದಿಲ್ಲ. ಫಲಕದಲ್ಲಿ ವಿಷಯಕ್ಕೊಂದು ಸ್ಥಾನ, ಉತ್ತರಕ್ಕೊಂದು ಕ್ರಮ, ಬರೆದವರ ಹೆಸರು, ದಿನಾಂಕ, ತಿದ್ದುಪಡಿಯ ಸೂಚನೆ ಇರುತ್ತವೆ. ಹತ್ತು ವರ್ಷದ ಬಳಿಕ ಸೋಮೇಶ್ವರ ದೇವಾಲಯದ ಯಾವುದೋ ಶಾಸನದ ಒಂದು ಸಾಲಿನ ಬಗೆಗೆ ಯಾರು ಏನು ಸೂಚಿಸಿದ್ದರೆಂಬುದನ್ನು ಹೊಸ ಸಂಶೋಧಕರು ಓದಿ ಮುಂದುವರಿಯಬಹುದು.

ಎರಡನೆಯದು ಭಾಷೆಯ ಪ್ರಶ್ನೆ. ಇದು ಹೆಚ್ಚು ಗಂಭೀರವಾದದ್ದು. ಒಂದು ಕಾಲಕ್ಕೆ ಕನ್ನಡದ ತಿರುಳೆನಿಸಿದ್ದ ಸೀಮೆಯ ಮಾತು ಇಂದು ಪಠ್ಯಪುಸ್ತಕದ ದೃಷ್ಟಿಯಲ್ಲಿ ‘ಪ್ರಾದೇಶಿಕ ಭೇದ’. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗೆ ಒಕ್ಕಲುತನದ, ನೇಯ್ಗೆಯ, ನೀರಾವರಿಯ, ಬಂಧುತ್ವದ ಪದಗಳ ದೊಡ್ಡ ಸಂಪತ್ತು ಮನೆಯಿಂದಲೇ ಬಂದಿರುತ್ತದೆ. ಆದರೆ ಸೆಮಿನಾರಿನಲ್ಲಿ ಎದ್ದುನಿಂತು ಆ ಮಾತಿನಲ್ಲಿ ಹೇಳಲು ಸಂಕೋಚ. ವಿಶಾಲ ಅಂತರಜಾಲದಲ್ಲಿ ಬರೆದರೆ ಅಪರಿಚಿತರ ಅಪಹಾಸ್ಯದ ಭಯ. ವಿದ್ಯಾರ್ಥಿನಿಯರಿಗೆ ಈ ಭಯ ಇನ್ನೂ ಒಂದು ಪಟ್ಟು ಹೆಚ್ಚು. ಪರಿಚಿತ ಓದುಗರಿರುವ, ಹೊರಗಿನವರು ನುಗ್ಗಲಾರದ ಸ್ಥಳೀಯ ಫಲಕ ಈ ಸಂಕೋಚವನ್ನು ಕಳೆಯಬಲ್ಲದು. ‘ಈ ಪದ ಶಾಸನದಲ್ಲಿದೆ, ನಿಮ್ಮ ಊರಿನಲ್ಲಿ ಇದನ್ನು ಯಾವುದಕ್ಕೆ ಅನ್ನುತ್ತಾರೆ’ ಎಂಬ ಒಂದು ಪ್ರಶ್ನೆಗೆ ಮೂವತ್ತು ಹಳ್ಳಿಗಳ ಉತ್ತರ ಬಂದರೆ ಅದು ಕೋಶರಚನೆಗೆ ನೇರ ಸಾಮಗ್ರಿ.

೬

ಇಲ್ಲಿಯೇ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕಾಗುತ್ತದೆ. ಗೋಡೆ ರಕ್ಷಣೆಯನ್ನು ಕೊಡುವಂತೆಯೇ ಅಧಿಕಾರವನ್ನೂ ಕೊಡುತ್ತದೆ. ಆಂತರಿಕ ಅಂಕ ಕೊಡುವ ಅಧ್ಯಾಪಕರೇ ಫಲಕದ ನಿರ್ವಾಹಕರೂ ಆದಾಗ ಅವರ ಪಾಠವನ್ನು ವಿದ್ಯಾರ್ಥಿ ಪ್ರಶ್ನಿಸುವುದು ಸುಲಭವಲ್ಲ. ಅಳಿಸುವ ಗುಂಡಿ ನಿರ್ವಾಹಕರ ಕೈಯಲ್ಲಿದೆ. ಭಿನ್ನಾಭಿಪ್ರಾಯ ಇದ್ದ ಕುರುಹೂ ಇಲ್ಲದಂತೆ ಅಳಿದುಹೋಗಬಹುದು. ಕಲ್ಲಿನ ಬರೆಹವನ್ನು ಅಳಿಸಿದರೆ ಕನಿಷ್ಠ ಉಳಿಯ ಗುರುತಾದರೂ ಉಳಿಯುತ್ತದೆ. ದತ್ತಸಂಚಯದಲ್ಲಿ ಅದೂ ಇಲ್ಲ. ಸರ್ವರಿಗೂ ತೆರೆದ ಜಾಲದಲ್ಲಿ ಇರುವ ಬಹುಜನರ ಕಣ್ಗಾವಲು ಇಲ್ಲಿಲ್ಲವೆಂಬುದು ಸ್ಥಳೀಯ ಫಲಕದ ನಿಜವಾದ ದೌರ್ಬಲ್ಯ.

ಆದ್ದರಿಂದ ತಂತ್ರಾಂಶಕ್ಕಿಂತ ಮೊದಲು ಸ್ಥಾಪಿತವಾಗಬೇಕಾದದ್ದು ಆಚಾರವ್ಯವಸ್ಥೆ. ಯುವರಾಜ ವಿಕ್ರಮಾದಿತ್ಯನ ಶಾಸನದಂತೆ ಅದು ಎರಡೂ ಪಕ್ಷಗಳನ್ನು ಕಟ್ಟಬೇಕು. ಸದಸ್ಯರು ನಿಜನಾಮದಲ್ಲಿ ಬರೆಯಬೇಕು, ಆಧಾರವನ್ನು ಸೂಚಿಸಬೇಕು, ವ್ಯಕ್ತಿನಿಂದೆಗೆ ಇಳಿಯಬಾರದು. ನಿರ್ವಾಹಕರು ವಿದ್ವತ್ ಭಿನ್ನಮತವನ್ನು ಎಂದಿಗೂ ಅಳಿಸಬಾರದು. ನಿಂದೆಯ ಬರೆಹವನ್ನು ಮರೆಮಾಡಿದಾಗಲೂ ಅದರ ಸ್ಥಾನದಲ್ಲಿ ಕಾರಣವನ್ನು ತಮ್ಮ ಹೆಸರಿನೊಡನೆ ದಾಖಲಿಸಬೇಕು. ನಿರ್ವಹಣೆ ಒಬ್ಬರ ಕೈಯಲ್ಲಿ ಉಳಿಯದೆ ಅಧ್ಯಾಪಕರು, ಗ್ರಂಥಪಾಲಕರು, ಸ್ನಾತಕೋತ್ತರ ವಿದ್ಯಾರ್ಥಿಗಳು ಮೂವರೂ ಇರುವ ಮಂಡಲಿಗೆ ಸೇರಬೇಕು. ಫಲಕದಲ್ಲಿ ಬರೆದದ್ದಕ್ಕೆ ಅಂಕ ಕೊಡಬಾರದು. ಕೊಟ್ಟರೆ ಅದು ಉತ್ತರಪತ್ರಿಕೆಯಾಗುತ್ತದೆ. ವಿದ್ಯಾರ್ಥಿ ಕೊಟ್ಟ ಪದ ಅಥವಾ ಪಾಠಸೂಚನೆ ಮುಂದೆ ಅಧ್ಯಾಪಕರ ಲೇಖನದಲ್ಲಿ ಬಂದರೆ ಅವರ ಹೆಸರು ಕಡ್ಡಾಯವಾಗಿ ಬರಬೇಕು. ಈ ಕೊನೆಯ ನಿಯಮವನ್ನು ಒಪ್ಪಲಾರದ ವಿಭಾಗ ಫಲಕವನ್ನು ಆರಂಭಿಸದಿರುವುದೇ ಲೇಸು.

ಸ್ಥಳೀಯತೆ ಕೂಪಮಂಡೂಕತನವಾಗದಂತೆ ನೋಡಿಕೊಳ್ಳುವ ದಾರಿಯನ್ನು ಫಿಡೋನೆಟ್ ಹಿಂದೆಯೇ ತೋರಿಸಿದೆ. ಲಕ್ಷ್ಮೇಶ್ವರ, ಗದಗ, ಧಾರವಾಡಗಳ ವಿಭಾಗಗಳು ತಮ್ಮ ತಮ್ಮ ಫಲಕಗಳನ್ನು ಇರಿಸಿಕೊಂಡು, ತಿಂಗಳಿಗೊಮ್ಮೆ ಆಯ್ದ ಚರ್ಚೆಗಳನ್ನು ಸದಸ್ಯರ ಒಪ್ಪಿಗೆಯೊಡನೆ ವಿನಿಮಯ ಮಾಡಿಕೊಳ್ಳಬಹುದು. ಇದಕ್ಕೆ ಒಂದು ಪೆನ್‌ಡ್ರೈವ್ ಸಾಕು. ಹಸಿಯಾದ ಊಹೆಗಳು ಊರಿನೊಳಗೆ ಹದಗೊಂಡು, ಪಕ್ವವಾದವು ಮಾತ್ರ ಸಂಶೋಧನ ಪತ್ರಿಕೆಗಳ ಮೂಲಕ ಲೋಕಕ್ಕೆ ಹೋಗುವುದು ವಿದ್ವತ್ತಿಗೆ ಹಿತಕರ.

ಲಕ್ಷ್ಮೇಶ್ವರ ೨೦೧೮ರಲ್ಲಿ ಪ್ರತ್ಯೇಕ ತಾಲೂಕಾಯಿತು. ಅಲ್ಲಿ ಇಂದು ಇಂಜಿನಿಯರಿಂಗ್ ಕಾಲೇಜೂ ಇದೆ. ಗಣಕಜಾಲವನ್ನು ನಡೆಸಬಲ್ಲ ಯುವಕರಿಗೆ ಕೊರತೆಯಿಲ್ಲ. ಕನ್ನಡದ ವಿದ್ಯಾರ್ಥಿಗಳೂ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಒಂದೇ ಊರಿನ ಶಾಸನಗಳ ಮುಂದೆ ಕೂಡಿ ಕುಳಿತರೆ ಪ್ರತ್ಯಯಗಳನ್ನು ಅರಿಯುವ ಹುಡುಕಾಟದಂತಹ ಸಮಸ್ಯೆಗಳಿಗೂ ಅಲ್ಲಿಯೇ ಪರಿಹಾರ ಹುಟ್ಟಬಹುದು. ಆರಂಭಕ್ಕೆ ಬೇಕಾದದ್ದು ಒಂದು ಹಳೆಯ ಗಣಕ, ಒಂದು ಪುಟದ ನಿಯಮಾವಳಿ, ಶಂಖಬಸದಿಯ ಒಂದು ಶಾಸನದ ಸ್ಪಷ್ಟ ಛಾಯಾಚಿತ್ರ ಮತ್ತು ಅದರ ಕೆಳಗೆ ಒಂದು ಪ್ರಾಮಾಣಿಕ ಪ್ರಶ್ನೆ. ಶೈಕ್ಷಣಿಕ ವರ್ಷದ ಮೊದಲ ತಿಂಗಳಲ್ಲಿಯೇ ಇದನ್ನು ಕೈಗೊಳ್ಳಲು ಯಾವ ಅನುದಾನಕ್ಕೂ ಕಾಯಬೇಕಿಲ್ಲ.